ಐವತ್ತು ದಾಟಿದ ಮೇಲೆ ಬಂದ ಮದುಮಗಳು

ಅಯ್ಯೋ ಅಕ್ಕಾ, ರಾತ್ರಿ ಹನ್ನೊಂದಾದ್ರೂ ನಿಮ್ಮನೆ ದೀಪ ಆರಿರಲ್ವಲ್ಲ ಅಂದ್ರಲ್ಲ, ‘ಮಲೆಗಳಲ್ಲಿ ಮದುಮಗಳು’ ಓದ್ತಿದ್ದೆ. ಹ್ಞೂಂ, ಈಗ್ಲೇ, ಮೊದಲ್ನೇ ಸಲ. ನಗಬೇಡಿ. 1967ರಲ್ಲಿ ಆ ಪುಸ್ತಕ ಅಚ್ಚಾದಾಗ ಕುವೆಂಪು ಅವರಿಗೇ ಅರವತ್ತು ದಾಟಿತ್ತು. ಅವರ ಹಿಂದಿನ ಕಾದಂಬರಿ ‘ಕಾನೂರು ಹೆಗ್ಗಡಿತಿ’ ಬಂದು ಮೂವತ್ತು ವರ್ಷ ಕಳೆದಿತ್ತು. ಬರೆದವರಿಗಿಲ್ಲದ ಅವಸರ ಓದೋರಿಗ್ಯಾಕೆ?

ನೀವು ಮೈಸೂರಲ್ಲಿ ರಾತ್ರಿಯಿಡೀ ಕೂತು ಇದರದ್ದೇ ರಂಗಾಯಣದ ಒಂಬತ್ತು ಗಂಟೆ ನಾಟಕ ನೋಡಿ ಬಂದೋರು, ಕಥೆ ಗೊತ್ತು ಅಂತೀರಿ. ಆದ್ರೆ ಇದರಲ್ಲಿ ಕಥೆಗಿಂತ ದಾರೀನೇ ಜಾಸ್ತಿ. ಗುತ್ತಿ ತನ್ನ ನಾಯಿ ಹುಲಿಯನನ್ನ ಕಟ್ಕೊಂಡು, ತಾನು ಮೆಚ್ಚಿದ ಹುಡುಗಿ ತಿಮ್ಮಿಗೋಸ್ಕರ ಕಾಡಲ್ಲಿ ನಡೀತಾನೆ, ನಡೀತಾನೇ ಇರ್ತಾನೆ. ಮಳೆ, ಕೆಸರು, ಉಂಬಳ. ನಡುವೆ ಇದ್ದಕ್ಕಿದ್ದಂತೆ 1893ರ ಷಿಕಾಗೋ, ಅಲ್ಲಿ ವಿವೇಕಾನಂದರು! ಇನ್ನೊಂದು ಕಡೆ ಪಾದ್ರಿಯ ಬೈಸಿಕಲ್ಲು. ಹೊಸಕಾಲ ಮಲೆನಾಡಿಗೆ ಬಂದಿದ್ದು ಹಂಗೆ, ಎರಡು ಚಕ್ರದ ಮೇಲೆ ಓಲಾಡ್ಕೊಂಡು.

ಮೊದಲ ನೂರು ಪುಟ ಪೇಚಾಟ ಅನ್ನಿ. ಸಿಂಬಾವಿ, ಹಳೆಮನೆ, ಹೂವಳ್ಳಿ, ಕೋಣೂರು, ಬೆಟ್ಟಳ್ಳಿ... ಯಾವ ಮನೆಗೆ ಯಾರು ಅಂತ ಹಳೇ ಕ್ಯಾಲೆಂಡರ್ ಹಾಳೆ ಹಿಂದೆ ಬರ್ಕೊಂಡೆ. ಆಮೇಲೆ ಚೀಟಿ ಬೇಕಾಗ್ಲಿಲ್ಲ. ಹೊಸದಾಗಿ ಬಂದ ಸೊಸೆಗೆ ಗಂಡನ ಮನೆ ನೆಂಟರೆಲ್ಲ ಹತ್ತಿದ ಹಂಗೆ ಹತ್ತಿಬಿಡ್ತಾರೆ.

ಕಾಲೇಜಲ್ಲಿ ಓದಿದ್ರೆ ಏನಾಗ್ತಿತ್ತು ಹೇಳಿ? ಗೈಡು ತಗೊಂಡು ‘ಸಂದರ್ಭಸಹಿತ ಸ್ವಾರಸ್ಯ ವಿವರಿಸಿ’ ಅಂತ ಉರು ಹೊಡೀತಿದ್ವಿ. ಸ್ವಾರಸ್ಯ ಅಲ್ಲಿಗೇ ಸತ್ತುಹೋಗ್ತಿತ್ತು. ಇಪ್ಪತ್ತರಲ್ಲಿ ನಾನು ಚಿನ್ನಮ್ಮನ ಹಿಂದೇನೇ ಓಡ್ತಿದ್ದೆ. ಭರಮೈಹೆಗ್ಗಡೆಗೆ ಎರಡನೇ ಹೆಂಡ್ತಿಯಾಗೋ ಬದಲು ಮುಕುಂದಯ್ಯನ ಜೊತೆ ಕತ್ತಲಲ್ಲಿ ಹೊರಟುಬಿಡ್ತಾಳಲ್ಲ, ಭೇಷ್ ಅಂತಿದ್ದೆ. ಈಗಲೂ ಭೇಷ್ ಅಂದೆ, ಇಲ್ಲ ಅನ್ನಲ್ಲ. ಆದ್ರೆ ಹೆಗ್ಗಡೆ ಮನೇಲಿ ಮೊದಲ ಹೆಂಡ್ತಿ ಒಬ್ಬಳಿದ್ದಾಳಲ್ಲ, ಸವತಿ ಬರ್ತಾಳೆ ಅಂತ ಗೊತ್ತಿದ್ದೂ ದಿನಾ ಆ ಒಲೆ ಮುಂದೇನೇ ಕೂರಬೇಕಾದೋಳು, ನನಗೆ ಅವಳದ್ದೇ ಯೋಚನೆ. ಮಗಳನ್ನ ಹಂಗೆ ಕೊಡೋಕೆ ಒಪ್ಪಿದ ಅಪ್ಪನ ಮೇಲೆ ಸಿಟ್ಟು ಬರ್ತದೆ. ಅವನಿಗೆ ಏನು ಕಷ್ಟವೋ ಅಂತ ಮರುಕಾನೂ ಆಗ್ತದೆ. ಮದುವೆ ವಯಸ್ಸಿಗೆ ಬಂದ ಮಗಳನ್ನ ಮನೇಲಿಟ್ಕೊಂಡೋರಿಗೆ ಈ ಪುಸ್ತಕ ಬೇರೇನೇ.

ಐತ, ಪೀಂಚಲು ಇಬ್ಬರನ್ನೂ ನೋಡಿ. ಬಿಡಾರದಲ್ಲಿ ಉಪ್ಪಿಗಿದ್ರೆ ಮೆಣಸಿಗಿಲ್ಲ. ಆದ್ರೂ ಕಾದಂಬರೀಲಿ ಅಷ್ಟು ಹಿತವಾಗಿ ಸಂಸಾರ ಮಾಡೋ ಗಂಡಹೆಂಡಿರು ಇನ್ಯಾರಿದ್ದಾರೆ? ದೊಡ್ಡ ದೊಡ್ಡ ಚೌಕಿಮನೆಗಳಲ್ಲಿ ಇಲ್ಲ, ಬಿಡಿ.

ಪುಸ್ತಕ ಕೊಡ್ತೀನಿ, ನಾಳೆ ನಿಮ್ಮ ಮಗನ್ನ ಕಳಿಸಿ, ತೂಕ ಇದೆ. ಕ್ಯಾಲೆಂಡರ್ ಹಾಳೇನೂ ಒಳಗೇ ಇಟ್ಟಿದ್ದೀನಿ. ಹುಲಿಯ ಕೊನೇಗೆ ಏನಾದ ಅಂತ ಮಾತ್ರ ನನ್ನ ಕೇಳಬೇಡಿ. ತುಂಗೆ ದಾಟೋ ಭಾಗಕ್ಕೆ ಬಂದಾಗ ಒಲೆ ಮೇಲೆ ಹಾಲಿಡಬೇಡಿ, ಅಷ್ಟೇ.