ಆಲೂಗಡ್ಡೆ ತ್ರಿಜ್ಯ

ವಿಜ್ಞಾನಿಗಳಿಗೆ ಹಾಸ್ಯಪ್ರಜ್ಞೆ ಕಡಿಮೆ ಎನ್ನುವವರಿಗೆ ನಾನು ಒಂದು ಸಂಶೋಧನಾ ಪ್ರಬಂಧದ ಹೆಸರು ಹೇಳುವುದುಂಟು: ‘ಆಲೂಗಡ್ಡೆ ತ್ರಿಜ್ಯ’. 2010ರಲ್ಲಿ ಆಸ್ಟ್ರೇಲಿಯನ್ ನ್ಯಾಷನಲ್ ಯೂನಿವರ್ಸಿಟಿಯ ಚಾರ್ಲ್ಸ್ ಲೈನ್‌ವೀವರ್ ಮತ್ತು ಮಾರ್ಕ್ ನಾರ್ಮನ್ ಬರೆದದ್ದು. ಹಾಸನದ ರೈತರು ಇದನ್ನು ಕೃಷಿ ಸಂಶೋಧನೆ ಎಂದು ತಿಳಿದು ಕೈಗೆತ್ತಿಕೊಂಡರೆ ನಿರಾಸೆಯಾದೀತು. ಅವರಿಬ್ಬರ ಪ್ರಶ್ನೆಯೇ ಬೇರೆ. ಆಕಾಶದಲ್ಲಿ ಅಲೆಯುವ ಬಂಡೆಯೊಂದು ಎಷ್ಟು ದೊಡ್ಡದಾಗುವವರೆಗೆ ಆಲೂಗಡ್ಡೆಯ ಹಾಗೆ ಸೊಟ್ಟಗೆ ಇರಬಹುದು, ಎಲ್ಲಿಂದ ಮುಂದೆ ಗುಂಡಗಾಗಲೇಬೇಕು? ಹಿಮದ ಉಪಗ್ರಹವಾದರೆ ಸುಮಾರು 200 ಕಿ.ಮೀ. ತ್ರಿಜ್ಯ, ಕಲ್ಲಿನ ಕ್ಷುದ್ರಗ್ರಹವಾದರೆ ಸುಮಾರು 300 ಎಂದು ಅವರ ಲೆಕ್ಕ. ಶನಿಯ ಪುಟ್ಟ ಚಂದ್ರ ಮೈಮಾಸ್ ಸರಿಯಾಗಿ ಈ ಗಡಿಯ ಮೇಲೆ ಕೂತಿದೆ. ಅದರ ತ್ರಿಜ್ಯ 198 ಕಿ.ಮೀ., ಆಕಾರ ಗುಂಡು. ಮಂಗಳನ ಫೋಬೋಸ್ ಉದ್ದಕ್ಕೆ ಅಳೆದರೂ 27 ಕಿ.ಮೀ. ದಾಟದು. ಹುಟ್ಟಿದ ಹಾಗೇ ಸೊಟ್ಟಗೆ ಉಳಿದುಕೊಂಡಿದೆ, ಯಾರೂ ಕೇಳಿಲ್ಲ.

ಬಂಡೆಯನ್ನು ಗುಂಡಗಾಗಿಸುವುದು ಗುರುತ್ವ. ಅದಕ್ಕೆ ಬರುವುದು ಒಂದೇ ವಿದ್ಯೆ, ಎಳೆಯುವುದು. ತಳ್ಳಲು ಬಾರದು, ಹೊರಳಿಸಲು ಬಾರದು. ಬಲವಾದರೂ ಇದೆಯೇ ಎಂದರೆ ಅದೂ ಇಲ್ಲ. ಅಂಗಡಿಯಲ್ಲಿ ಸಿಗುವ ಚಿಕ್ಕ ಅಯಸ್ಕಾಂತ ಒಂದು ಗುಂಡುಸೂಜಿಯನ್ನು ಮೇಲೆತ್ತಿದ ಕ್ಷಣ ಇಡೀ ಭೂಮಿ ಸೋತಿತೆಂದೇ ಅರ್ಥ. ಆದರೆ ಗುರುತ್ವ ರಜೆ ಹಾಕುವುದಿಲ್ಲ, ಬೇಸರಪಡುವುದಿಲ್ಲ, ಎದುರಿಗಿದ್ದವರು ಕಲ್ಲೋ ಗಾಳಿಯೋ ಕವಿಯೋ ಎಂದು ನೋಡುವುದಿಲ್ಲ. ಎದುರಾಳಿಗಳಾದರೋ ಬೇಕಾದಷ್ಟು: ಕಲ್ಲಿನ ಗಟ್ಟಿತನ, ತಿರುಗುವ ವೇಗ, ಬಿಸಿ, ಓಟ. ಆಕಾಶದಲ್ಲಿ ನಾವು ನೋಡುವ ಒಂದೊಂದು ಆಕಾರವೂ ಈ ಎಳೆತಕ್ಕೂ ಯಾರದೋ ಹಠಕ್ಕೂ ನಡುವೆ ಸದ್ಯಕ್ಕೆ ಆಗಿರುವ ರಾಜಿ ಎಂದು ನನಗೆ ಅನ್ನಿಸುತ್ತದೆ.

ಪರ್ವತಗಳು ಕಲ್ಲಿನ ಹಠ. ಎವರೆಸ್ಟ್ 8,849 ಮೀಟರ್ ಏರಿ ನಿಂತಿದೆ. ಇದರ ಎರಡರಷ್ಟು ಎತ್ತರದ ಬೆಟ್ಟವನ್ನು ಭೂಮಿಯ ಮೇಲೆ ಪೇರಿಸಿದರೆ ಬುಡದ ಬಂಡೆ ಭಾರ ತಾಳದೆ ಕುಸಿಯತೊಡಗುತ್ತದೆ. ಮಂಗಳದಲ್ಲಿ ಎಳೆತ ನಮ್ಮದರ ಶೇ. 38 ಮಾತ್ರ. ಅಲ್ಲಿನ ಒಲಿಂಪಸ್ ಮಾನ್ಸ್ ಎಂಬ ಜ್ವಾಲಾಮುಖಿ ಸುಮಾರು 22 ಕಿ.ಮೀ. ಬೆಳೆದು ಆರಾಮಾಗಿ ಕೂತಿದೆ. ಕೆಳಗಿನ ನೆಲ ಸರಿದಾಡದೆ ಇರುವುದೂ ಅದಕ್ಕೆ ಅನುಕೂಲವಾಯಿತೆನ್ನಿ. ಆದರೆ ಅದರ ಇಳಿಜಾರು ಎಷ್ಟು ಸಾವಕಾಶದ್ದೆಂದರೆ, ಹತ್ತುತ್ತಿರುವವನಿಗೆ ಬೆಟ್ಟ ಹತ್ತುತ್ತಿದ್ದೇನೆಂದೇ ಗೊತ್ತಾಗಲಿಕ್ಕಿಲ್ಲ. ನನ್ನಂಥವರ ಮೊಣಕಾಲಿಗೆ ಹೇಳಿ ಮಾಡಿಸಿದ ಬೆಟ್ಟ, ದೂರ ಸ್ವಲ್ಪ ಜಾಸ್ತಿ.

ಮೊಣಕಾಲಿನ ಮಾತು ಬಂದರೆ ತೂಕದ ಮಾತೂ ಬರಲೇಬೇಕು. ಭೂಮಿಗೂ ನಡು ದಪ್ಪ ಎಂಬ ವಿಷಯ ಓದಿದ ದಿನ ನನಗೆ ಬಹಳ ಸಮಾಧಾನವಾಯಿತು. ಧ್ರುವದಿಂದ ಧ್ರುವಕ್ಕೆ ಅಳೆದರೆ 12,714 ಕಿ.ಮೀ., ಸಮಭಾಜಕದ ಅಡ್ಡಕ್ಕೆ ಅಳೆದರೆ 12,756. ಸುಮಾರು 450 ಕೋಟಿ ವರ್ಷ ವಯಸ್ಸಾದ ಮೇಲೆ ನಡು ಇಷ್ಟು ಹಿಗ್ಗುವುದು ಸಹಜವಲ್ಲವೇ ಎಂದು ಮನೆಯಲ್ಲಿ ವಾದ ಹೂಡಿದೆ. ನಮ್ಮಾಕೆ ತರಕಾರಿ ಹೆಚ್ಚುತ್ತಲೇ, “ಅದು ತಿರುಗಿ ತಿರುಗಿ ದಪ್ಪ ಆಗಿದ್ದು ರೀ. ನೀವು ಕೂತು ಕೂತು” ಎಂದಳು. ಭೌತವಿಜ್ಞಾನದ ದೃಷ್ಟಿಯಿಂದ ಆಕೆಯ ಮಾತಿನಲ್ಲಿ ಒಂದಕ್ಷರ ತಪ್ಪಿಲ್ಲ. ಶನಿಯಂತೂ ಹನ್ನೊಂದು ಗಂಟೆಯೊಳಗೆ ಒಂದು ಸುತ್ತು ತಿರುಗುವ ರಭಸಕ್ಕೆ ನಡುವಿನಲ್ಲಿ ಶೇ. 10ರಷ್ಟು ಉಬ್ಬಿದೆ. ಇನ್ನು ಧ್ರುವದಲ್ಲಿ ತೂಗಿದವರು ಸಮಭಾಜಕಕ್ಕೆ ಬಂದು ಮತ್ತೆ ತೂಗಿದರೆ ಶೇ. 0.5ರಷ್ಟು ಹಗುರಾಗಿರುತ್ತಾರೆ, ಚಂದ್ರನ ಮೇಲಾದರೆ ಉಳಿಯುವುದೇ ಆರರಲ್ಲಿ ಒಂದು ಪಾಲು. ಆದರೆ ಇಳಿಯುವುದು ಮುಳ್ಳಿನ ತೂಕ ಅಷ್ಟೆ. ಪ್ಯಾಂಟಿನ ಗುಂಡಿ ಅಲ್ಲಿಯೂ ಹಾಕಲು ಬರುವುದಿಲ್ಲ.

ಭೂಮಿಯ ಎಳೆತ ಎಲ್ಲ ಕಡೆ ಒಂದೇ ಸಮನಲ್ಲ ಎಂಬುದಕ್ಕೆ ಉದಾಹರಣೆ ನಮ್ಮ ಹತ್ತಿರದಲ್ಲೇ ಇದೆ. ಶ್ರೀಲಂಕಾದ ದಕ್ಷಿಣಕ್ಕೆ ಹಿಂದೂ ಮಹಾಸಾಗರದಲ್ಲಿ 30 ಲಕ್ಷ ಚದರ ಕಿ.ಮೀ.ಗೂ ಹೆಚ್ಚು ವಿಸ್ತಾರದ ಜಾಗದಲ್ಲಿ ಗುರುತ್ವ ಕೊಂಚ ಸೊರಗಿದೆ. ಅದರಿಂದಾಗಿ ಅಲ್ಲಿ ಕಡಲಿನ ಮೇಲ್ಮೈ, ಲೆಕ್ಕದ ಪ್ರಕಾರ ಇರಬೇಕಾದ್ದಕ್ಕಿಂತ ನೂರು ಮೀಟರಿಗೂ ಹೆಚ್ಚು ತಗ್ಗಿನಲ್ಲಿದೆ. ಸುತ್ತಲಿನ ನೀರು ಓಡಿಬಂದು ಈ ಗುಂಡಿಯನ್ನು ತುಂಬಬಾರದೇ? ತುಂಬುವುದಿಲ್ಲ. ಯಾವುದು ಮೇಲೆ, ಯಾವುದು ಕೆಳಗೆ ಎಂದು ನೀರಿಗೆ ಹೇಳಿಕೊಡುವುದೇ ಗುರುತ್ವ. ಅದರ ಪ್ರಕಾರ ಅಲ್ಲಿ ಎಲ್ಲವೂ ಸಮತಟ್ಟು. ಹಡಗಿನವರಿಗೂ ಇಳಿದದ್ದು ಹತ್ತಿದ್ದು ತಿಳಿಯುವುದಿಲ್ಲ. 1948ರಲ್ಲೇ ಪತ್ತೆಯಾಗಿದ್ದ ಈ ತಗ್ಗಿಗೆ ಕಾರಣ ಹುಡುಕಿದವರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ದೇಬಾಂಜನ್ ಪಾಲ್ ಮತ್ತು ಅತ್ರೇಯಿ ಘೋಷ್ ಇದ್ದಾರೆ. ಭೂಮಿಯೊಳಗೆ 14 ಕೋಟಿ ವರ್ಷ ಏನೇನು ಹೊರಳಾಡಿತೆಂದು ಕಂಪ್ಯೂಟರಿನಲ್ಲಿ ಓಡಿಸಿ ನೋಡಿ, 2023ರಲ್ಲಿ ಅವರು ಹೇಳಿದ್ದು ಹೀಗೆ: ಭಾರತ ಉತ್ತರಕ್ಕೆ ಸರಿಯುವಾಗ ನಡುವಿದ್ದ ಟೆಥಿಸ್ ಸಾಗರದ ತಳ ಆಳಕ್ಕೆ ಮುಳುಗಿತು, ಅದು ಆಫ್ರಿಕಾದ ಅಡಿಯಲ್ಲಿದ್ದ ಬಿಸಿ ರಾಶಿಯನ್ನು ಕೆದಕಿತು, ಅಲ್ಲಿಂದ ಎದ್ದ ಬಿಸಿಯಾದ ಹಗುರ ವಸ್ತು ಈ ಕಡಲಿನ ಕೆಳಗೆ ಹರಡಿಕೊಂಡಿತು. ಹಗುರವಾದದ್ದು ಕಡಿಮೆ ಎಳೆಯುತ್ತದೆ. ಮುಳುಗಿಹೋದ ಒಂದು ಸಾಗರ ತನ್ನ ಮೇಲೆ ಬಂದು ಕೂತ ಇನ್ನೊಂದರ ನೀರನ್ನು ಇಂದಿಗೂ ತಗ್ಗಿಸುತ್ತಿದೆ. ಇಷ್ಟು ದೀರ್ಘದ್ವೇಷ ನಮ್ಮ ಆಸ್ತಿ ವ್ಯಾಜ್ಯಗಳಲ್ಲೂ ಕಂಡಿಲ್ಲ.

ಚಂದ್ರನ ವಿಷಯ ಇನ್ನೊಂದು ಬಗೆ. ಅವನು ನಮ್ಮ ಮೇಲೆ ಬೀಳುತ್ತಿಲ್ಲ ಎಂದು ಬಹಳ ಜನ ನಂಬಿದ್ದಾರೆ. ಬೀಳುತ್ತಲೇ ಇದ್ದಾನೆ. ಒಂದು ಸೆಕೆಂಡಿನಲ್ಲಿ ಸುಮಾರು 1.4 ಮಿಲಿಮೀಟರ್ ಭೂಮಿಯ ಕಡೆ ಬೀಳುತ್ತಾನೆ, ಅದೇ ಸೆಕೆಂಡಿನಲ್ಲಿ ಒಂದು ಕಿಲೋಮೀಟರ್ ಪಕ್ಕಕ್ಕೆ ಓಡುತ್ತಾನೆ. ಬಿದ್ದಷ್ಟೂ ಭೂಮಿ ಕೆಳಗೆ ಬಾಗಿ ತಪ್ಪಿಸಿಕೊಳ್ಳುತ್ತದೆ. ಬಾಹ್ಯಾಕಾಶ ನಿಲ್ದಾಣದಲ್ಲಿ ಗುರುತ್ವವೇ ಇಲ್ಲ ಎಂದು ಪತ್ರಿಕೆಗಳು ಬರೆಯುತ್ತವೆ, 400 ಕಿ.ಮೀ. ಎತ್ತರದಲ್ಲಿ ಅದು ನೆಲದಲ್ಲಿರುವುದರ ಶೇ. 90ರಷ್ಟು ಇದ್ದೇ ಇದೆ. ಒಳಗಿರುವವರೂ ನಿಲ್ದಾಣವೂ ಜೊತೆಜೊತೆಗೆ ಬೀಳುತ್ತಿರುವುದರಿಂದ ತೇಲಿದಂತೆ ಕಾಣುತ್ತಾರೆ. ಈ ಬೀಳುವ ವಿದ್ಯೆಯನ್ನು ನಮ್ಮ ಇಸ್ರೋದವರು ಮಿತವ್ಯಯಕ್ಕೆ ಬಳಸಿದರು. 1969ರಲ್ಲಿ ಅಪೋಲೋ 11 ದೈತ್ಯ ರಾಕೆಟ್ಟಿನ ಬಲದಿಂದ ನಾಲ್ಕೇ ದಿನಕ್ಕೆ ಚಂದ್ರನಲ್ಲಿ ಇಳಿಯಿತು. ಚಂದ್ರಯಾನ-3 ಭೂಮಿಯನ್ನೇ ಸುತ್ತುತ್ತಾ, ಹತ್ತಿರ ಬಂದಾಗಲೆಲ್ಲ ಎಂಜಿನ್ನನ್ನು ಕೊಂಚ ಉರಿಸಿ, ಪ್ರತಿ ಸಲ ಇನ್ನಷ್ಟು ದೂರಕ್ಕೆ ಬೀಸಿಕೊಂಡು, 2023ರ ಜುಲೈ 14ರಂದು ಹೊರಟದ್ದು ಆಗಸ್ಟ್ 23ಕ್ಕೆ ಇಳಿಯಿತು. ನಿಧಾನವೇ ಪ್ರಧಾನ ಎಂದು ಬೆಳೆದವರ ಗಣಿತ.

ಗಾಳಿಯದು ಬಿಸಿಯ ಜೊತೆಗಿನ ಜಗಳ. ಅಣುಗಳು ಬಿಸಿಯಾದಷ್ಟೂ ಹಾರಾಡುತ್ತವೆ. ವಿಮೋಚನಾ ವೇಗ ಮುಟ್ಟಿದವು ಮತ್ತೆ ತಿರುಗಿ ಬರುವುದಿಲ್ಲ. ಭೂಮಿಯಲ್ಲಿ ಆ ವೇಗ ಸೆಕೆಂಡಿಗೆ 11.2 ಕಿ.ಮೀ. ಆದ್ದರಿಂದ ಆಮ್ಲಜನಕ ಉಳಿದಿದೆ, ಹಗುರ ಹೀಲಿಯಂ ಸೋರಿ ಹೋಗುತ್ತಲೇ ಇದೆ. ಚಂದ್ರನಲ್ಲಿ 2.4 ಕಿ.ಮೀ., ಅವನ ಬಳಿ ಗಾಳಿ ಎನ್ನುವಂಥದ್ದು ಉಳಿದಿಲ್ಲ. ಶನಿಯ ಟೈಟನ್‌ನಲ್ಲಿ 2.6, ಹೆಚ್ಚೇನಲ್ಲ. ಆದರೂ ಅದರ ವಾಯುಮಂಡಲದ ಒತ್ತಡ ನಮ್ಮದರ ಒಂದೂವರೆ ಪಟ್ಟು! ಅಲ್ಲಿ ಸೊನ್ನೆಗಿಂತ 179 ಡಿಗ್ರಿ ಸೆಲ್ಸಿಯಸ್ ಕೆಳಗಿನ ಚಳಿ. ಓಡಿಹೋಗುವ ಹುರುಪು ಯಾವ ಅಣುವಿಗೂ ಇಲ್ಲ. ದಟ್ಟ ಗಾಳಿ, ದುರ್ಬಲ ಎಳೆತ ಎರಡೂ ಸೇರಿ, ಟೈಟನ್‌ನಲ್ಲಿ ಮನುಷ್ಯ ತೋಳಿಗೆ ರೆಕ್ಕೆ ಕಟ್ಟಿಕೊಂಡು ಬಡಿದರೆ ಹಾರಬಹುದಂತೆ. ಚಳಿಗೆ ತೋಳು ಎತ್ತಲಾದರೆ ತಾನೆ.

ಕುಮಟಾ ಕಡೆ ಅಘನಾಶಿನಿ ದಂಡೆಯಲ್ಲಿ ನಮ್ಮ ಭಾವನವರಿಗೆ ಗಜನಿ ಭೂಮಿ ಇದೆ, ಉಬ್ಬರದ ಉಪ್ಪುನೀರು ಹತ್ತುವ ತಗ್ಗು ಗದ್ದೆ. ಮಳೆಗಾಲದಲ್ಲಿ ಕಗ್ಗ ಭತ್ತ, ಆಮೇಲೆ ಉಪ್ಪುನೀರಿನ ಸೀಗಡಿ. ಉಬ್ಬರ ದಿನಕ್ಕೆ ಐವತ್ತು ನಿಮಿಷದಷ್ಟು ತಡವಾಗಿ ಬರುವುದು ಅವರಿಗೆ ತಿಥಿಯ ಲೆಕ್ಕದಲ್ಲೇ ಗೊತ್ತು. ನ್ಯೂಟನ್ನನ ಸಹಾಯ ಬೇಕಾಗಿಲ್ಲ. ಕಟ್ಟೆಯ ಮೇಲೆ ಕೂತು ನಾನು ಅವರಿಗೆ ನನ್ನ ಜ್ಞಾನ ಹಂಚಿದೆ. ಉಬ್ಬಿದ ನೀರು ಚಂದ್ರನನ್ನು ಮುಂದಕ್ಕೆ ಜಗ್ಗುತ್ತದೆ, ಅದರಿಂದ ಅವನು ವರ್ಷಕ್ಕೆ 3.8 ಸೆಂಟಿಮೀಟರ್ ದೂರ ಸರಿಯುತ್ತಾನೆ, ಫೋಬೋಸ್ ಇದಕ್ಕೆ ತದ್ವಿರುದ್ಧವಾಗಿ ಮಂಗಳದ ಕಡೆ ಇಳಿಯುತ್ತಿದೆ, ಇನ್ನು ಐದು ಕೋಟಿ ವರ್ಷದ ಆಚೀಚೆ ಅದರ ಕಥೆ ಮುಗಿಯುತ್ತದೆ, ಹೀಗೆ.

“ನಮ್ಮ ಚಂದ್ರನ್ನ ಅಳೆದವರ್ಯಾರು ಮಾರಾಯ?”

“ಅಪೋಲೋದವರು ಅಲ್ಲಿ ಕನ್ನಡಿ ಇಟ್ಟು ಬಂದಿದ್ದಾರೆ ಭಾವ. ಇಲ್ಲಿಂದ ಲೇಸರ್ ಬಿಟ್ಟರೆ ಎರಡೂವರೆ ಸೆಕೆಂಡಿಗೆ ವಾಪಸ್ ಬರುತ್ತೆ.”

“ಹಾಗಾದ್ರೆ ಉಬ್ಬರ ಕಮ್ಮಿ ಆಗ್ತದೆ ಅನ್ನು.”

“ಆಗುತ್ತೆ. ಕೋಟಿಗಟ್ಟಲೆ ವರ್ಷ ಹಿಡಿಯುತ್ತೆ.”

ಭಾವ ಕೆಸರು ಮೆತ್ತಿದ ಕಾಲಿನಿಂದ ಬಿರುಕು ಬಿಟ್ಟ ಕಟ್ಟೆಯನ್ನು ತೋರಿಸಿದರು. “ಅಡ್ಡಿಲ್ಲ. ರಿಪೇರಿಗೆ ಅರ್ಜಿ ಕೊಟ್ಟಾಗಿದೆ. ಯಾವುದು ಮೊದಲು ಆಗ್ತದೆ ನೋಡ್ವ.”