ಬಯೋಡಾಟಾ ಕಾಕಾ

ಬೆಳಗಾವಿ ಸೀಮೆಯ ಹೊಳೆದಂಡೆಯ ಊರು ಜುಗೂಳ; ಎದುರು ದಂಡೆ ಮಹಾರಾಷ್ಟ್ರದ್ದು. ಹೊಳೆಯಾಚೆ ಖಿದ್ರಾಪುರ, ಅಲ್ಲಿಯ ಕೋಪೇಶ್ವರ ಗುಡಿ. ಇಲ್ಲಿನ ಹುಡುಗ ಬೆಳಗಾವಿಗೆ ಅರ್ಜಿ ಹಾಕಿದರೆ ಪಿಯುಸಿ ಪಾಸು, ಆಚೆ ಕುಪವಾಡದ ಎಂಐಡಿಸಿ ಕಾರ್ಖಾನೆಗಳಿಗೆ ಹಾಕಿದರೆ ಬಾರಾವಿ ಪಾಸು. ಓದಿದ್ದು ಒಂದೇ. ಈ ಗುಟ್ಟು ಬಲ್ಲವನೇ ಬಯೋಡಾಟಾ ಕಾಕಾ. ಈ ಗಡಿಭಾಗದ ಯಾವ ಝೆರಾಕ್ಸ್ ಅಂಗಡಿ ಹೊಕ್ಕರೂ ಇಂಥವನೊಬ್ಬ ಸಿಗುತ್ತಾನೆ.

ಕಾಕಾನಿಗೆ ಸ್ವಂತಕ್ಕೆ ನೌಕರಿ ಸಿಕ್ಕಿಲ್ಲ. ಆದರೆ ನಲವತ್ತು ಕಡೆ ಅರ್ಜಿ ಹಾಕಿದ ಅನುಭವವಿದೆ; ಊರಿಗೆ ಅಷ್ಟು ಸಾಕು.

ಅವನ ಕಂಪ್ಯೂಟರಿನಲ್ಲಿ ಇರುವುದು ಒಂದೇ ಫೈಲು. ಹೆಸರು, ಹುಟ್ಟಿದ ತಾರೀಖು ಬದಲಾಗುತ್ತವೆ. ಹವ್ಯಾಸ ಮಾತ್ರ ಊರಿಗೆಲ್ಲ ಕ್ರಿಕೆಟ್ ಆಡುವುದು, ಹಾಡು ಕೇಳುವುದು. ವರಾನ್ವೇಷಣೆಗೂ ಅದೇ ಫೈಲು, ಅದಕ್ಕೇ ನೆತ್ತಿಯ ಮೇಲೆ ಗಣಪತಿ, ಸುತ್ತ ಹೂಬಳ್ಳಿ. ಹಿಂದೊಮ್ಮೆ ಫಿಟ್ಟರ್ ಕೆಲಸಕ್ಕೆ ಹೋದವನ ಹಾಳೆಯಲ್ಲಿ 'ಬಣ್ಣ: ಗೋಧಿ, ನಿರೀಕ್ಷೆ: ಸುಸಂಸ್ಕೃತ ಮನೆತನ' ಎಂದು ಉಳಿದುಬಿಟ್ಟಿತ್ತು. ಸಾಹೇಬರು ನಗಲಿಲ್ಲ. "ನಮ್ಮ ಮನೆತನ ಛಲೋ ಐತಪಾ, ಪಗಾರ ಎಷ್ಟ ಬೇಕ ಹೇಳು" ಅಂದರಂತೆ.

ರೆಜ್ಯೂಮಿನ ಮೇಲೆ ಮೊದಲ ಸಲ ಕಣ್ಣಾಡಿಸಲು ಕಂಪನಿಯವರು ಸರಾಸರಿ 7.4 ಸೆಕೆಂಡು ಕೊಡುತ್ತಾರೆಂದು ಅಮೆರಿಕದ ಲ್ಯಾಡರ್ಸ್ ಸಂಸ್ಥೆ 2018ರಲ್ಲಿ ಲೆಕ್ಕ ಹಾಕಿತ್ತು. ಕಾಕಾನ ಹಾಳೆಯಲ್ಲಿ ಅದರ ಅರ್ಧ ಗಣಪತಿಯ ದರ್ಶನಕ್ಕೇ ಹೋಗುತ್ತದೆ.

ಓದುವವನಿಗೆ ಬೇಕಾದ್ದನ್ನೇ ಮೊದಲು ಹೇಳುವ ಅರ್ಜಿಯೂ ಉಂಟು. ಸುಮಾರು 1482ರಲ್ಲಿ ಲಿಯೊನಾರ್ಡೊ ಡಾ ವಿಂಚಿ ಮಿಲಾನಿನ ಲುಡೊವಿಕೊ ಸ್ಫೋರ್ಜಾನಿಗೆ ಕೆಲಸ ಕೇಳಿ ಬರೆದ ಪತ್ರವೊಂದಿದೆ. ಧಣಿಗೆ ಯುದ್ಧದ ಚಿಂತೆ ಎಂದು ಅವನಿಗೆ ಗೊತ್ತು. ಅದಕ್ಕೇ ಹೊತ್ತೊಯ್ಯುವಂಥ ಹಗುರ ಸೇತುವೆ, ಕಂದಕದ ನೀರು ಖಾಲಿ ಮಾಡುವ ಉಪಾಯ, ಫಿರಂಗಿ ಎಂದು ಸಾಲಾಗಿ ಬರೆದು, ಚಿತ್ರವನ್ನೂ ಬರೆಯಬಲ್ಲೆ ಎಂಬುದನ್ನು ಕೊನೆಗೆ ಸೇರಿಸಿದ. ಕಾಕಾನ ಕೈಗೆ ಸಿಕ್ಕಿದ್ದರೆ ಸೇತುವೆಯೂ ಇಲ್ಲ, ಫಿರಂಗಿಯೂ ಇಲ್ಲ. ಕ್ರಿಕೆಟ್ ಆಡುವುದು, ಹಾಡು ಕೇಳುವುದು.

ಮೊನ್ನೆ ಐಟಿಐ ಮುಗಿಸಿದ ಹುಡುಗನೊಬ್ಬ ಬಂದ.

"ಏನೇನ್ ಬರ್ತೈತೋ ತಮ್ಮಾ?"

"ಹೊಳಿ ಏರಿದಾಗ ದಂಡಿಮ್ಯಾಲಿನ ಮೋಟರ್ ಬಿಚ್ಚಿ ಮ್ಯಾಲ ತರ್ತೀನ್ರಿ ಕಾಕಾ. 2021ರ ಮಹಾಪೂರದಾಗ ಹನ್ನೊಂದ ಮೋಟರ್ ಉಳಿಸೇವಿ. ನೀರ ಹೊಕ್ಕಿದ್ದ ಎರಡಕ್ಕ ನಾನಾ ರಿವೈಂಡಿಂಗ್ ಮಾಡೀನಿ."

"ಅದೆಲ್ಲಾ ರಾಡಿ ಕೆಲಸ. ನೌಕರಿಗಿ ಯಾಕ ಬರೀಬೇಕು?" ಎಂದವನೇ ಕಾಕಾ 'ಪ್ರಾಮಾಣಿಕ, ಶ್ರಮಜೀವಿ' ಎಂದು ಬಡಿದು ಪ್ರಿಂಟು ಕೊಟ್ಟ. ಹುಡುಗ ಬಸ್ಸಿನಲ್ಲಿ ಕೂತು ಹೂಬಳ್ಳಿಯ ಪಕ್ಕ ಬಾಲ್‌ಪೆನ್ನಿನಿಂದ ಮೋಟರಿನ ಎರಡು ಸಾಲು ಗೀಚಿಕೊಂಡ. ಕಾರ್ಖಾನೆಯಲ್ಲಿ ಸಾಹೇಬರು ಓದಿದ್ದು ಆ ಎರಡು ಸಾಲು ಮಾತ್ರ. ಎಂಥ ವೈಂಡಿಂಗ್ ತಂತಿ, ಎಷ್ಟು ಸುತ್ತು, ಒಣಗಿಸಿದ್ದು ಹೇಗೆ ಎಂದು ಅರ್ಧ ತಾಸು ಕೇಳಿ, ಸೋಮವಾರದಿಂದ ಬಾ ಅಂದರು.

ಸುದ್ದಿ ಅಂಗಡಿಗೆ ಮುಟ್ಟಿತು. ಕಾಕಾ ಕಲಿಯುವವನೇ ಅಲ್ಲ ಎನ್ನುವಂತಿಲ್ಲ. ಮುಂದಿನ ವಾರ ಸೊಸೈಟಿಯ ಕಾರಕೂನ ಹುದ್ದೆಗೆಂದು ಬಿ.ಕಾಂ. ಹುಡುಗಿಯೊಬ್ಬಳು ಬಂದಳು. ಪ್ರಿಂಟು ನೋಡಿದರೆ 'ಅನುಭವ: 2021ರ ಮಹಾಪೂರದಲ್ಲಿ 11 ಮೋಟರ್ ಎತ್ತಿರುವುದು.'

"ಕಾಕಾ, ನಾ ಮೋಟರ್ ಮುಟ್ಟೇ ಇಲ್ರೀ!"

"ಇರ್ಲಿ ಬಿಡವಾ, ಸದ್ಯ ಅದಾ ನಡ್ಯಾಕತ್ತೈತಿ. ಕೆಳಗ 'ಮೇಲಿನ ಮಾಹಿತಿಯೆಲ್ಲ ಸತ್ಯ' ಅಂತೈತಲ್ಲಾ, ಅಲ್ಲಿ ಸಹಿ ಮಾಡು."