ಸಪ್ತಕಿಲೋ ಮೀಮಾಂಸೆ: ಕೋಟ ಸೀಮೆಯ ಛಾಯಾಗ್ರಾಹಕನ ಗಗನಯಾನ ಕುರಿತ ಶಾಸ್ತ್ರೀಯ ವಿವೇಚನೆ

ಪ್ರಬಂಧದ ವ್ಯಾಪ್ತಿಯನ್ನು ಮೊದಲೇ ಗೊತ್ತುಮಾಡಿಕೊಳ್ಳುವುದು ವಿಹಿತ. ನೆಲದ ಲೆಕ್ಕದಲ್ಲಿ ಇದು ಬೈಂದೂರಿನಿಂದ ಬ್ರಹ್ಮಾವರದವರೆಗಿನ ಕರಾವಳಿಗೆ ಸೀಮಿತ. ಜೀವಶಾಸ್ತ್ರದ ಲೆಕ್ಕದಲ್ಲಿ, ಎರಡು ಕ್ಯಾಮೆರಾಗಳನ್ನು ಎದೆಯ ಮೇಲೆ ಅಡ್ಡಡ್ಡ ನೇತುಹಾಕಿಕೊಂಡು ಓಡಾಡುವ ಒಂದೇ ಒಂದು ತಳಿಗೆ ಸೀಮಿತ. ಕೋಟೇಶ್ವರದ ಕೊಡಿ ಹಬ್ಬ, ಸಾಲಿಗ್ರಾಮದ ಹಬ್ಬ, ಬಯಲಾಟದ ರಂಗಸ್ಥಳ, ಮದುವೆ ಹಾಲಿನ ಊಟದ ಪಂಕ್ತಿ ಇವು ಈ ತಳಿಯ ಸಹಜ ಆವಾಸ. ಮಳೆಗಾಲದಲ್ಲಿ ಸ್ಟುಡಿಯೋದ ಒಳಗೆ ಆಲ್ಬಮ್ ಡಿಸೈನ್ ಮಾಡುತ್ತ ಅರೆನಿದ್ರೆಯಲ್ಲಿರುತ್ತದೆ. ಮಂಗಳೂರಿನಿಂದ ದುಬೈಗೆ ನೇರ ವಿಮಾನ ಶುರುವಾದ 2006ರಿಂದೀಚೆಗೆ ಇದರಲ್ಲಿ ವಲಸೆಯ ಪ್ರವೃತ್ತಿಯೂ ಕಂಡುಬಂದಿದೆ. ಕೊಲ್ಲಿ ದೇಶದಲ್ಲಿ ಊರಿನವರ ಮದುವೆ ರಿಸೆಪ್ಷನ್ನೋ ಯಕ್ಷಗಾನವೋ ನಡೆದರೆ ಅಲ್ಲಿನ ಕ್ಯಾಮೆರಾದವರು ಸಾಲುವುದಿಲ್ಲ, ಊರಿನವನೇ ಬೇಕು. ಅತ್ತೆ ಯಾರು, ಸೋದರಮಾವ ಯಾರು, ಯಾರನ್ನು ಫೋಟೋದಲ್ಲಿ ಬಿಟ್ಟರೆ ಇಪ್ಪತ್ತು ವರ್ಷ ಮಾತು ನಿಲ್ಲುತ್ತದೆ ಎಂಬ ಜ್ಞಾನ ಶಾರ್ಜಾದಲ್ಲಿ ಬಾಡಿಗೆಗೆ ಸಿಗುವುದಿಲ್ಲ.

ಕೋಟದಿಂದ ಬಜಪೆಯ ವಿಮಾನ ನಿಲ್ದಾಣಕ್ಕೆ ಸುಮಾರು 80 ಕಿಲೋಮೀಟರ್. ಸಾಸ್ತಾನದ ಟೋಲು, ಹೆಜಮಾಡಿಯ ಟೋಲು ಎರಡನ್ನೂ ದಾಟುವವರೆಗೆ ಯಾರೂ ಅವನ ಚೀಲ ತೂಗುವುದಿಲ್ಲ. ಆಮೇಲೆ ಬರುತ್ತದೆ ತಕ್ಕಡಿ. ಇಕಾನಮಿ ದರ್ಜೆಯ ಪ್ರಯಾಣಿಕನಿಗೆ ಕೈಚೀಲ ಒಂದು, ತೂಕ 7 ಕೆಜಿ, ಉದ್ದ ಅಗಲ ಎತ್ತರ ಕೂಡಿದರೆ 115 ಸೆಂಟಿಮೀಟರ್. ಇದು ಮೂಲಸೂತ್ರ. ಈ ಶಾಸ್ತ್ರದಲ್ಲಿ ಹುಟ್ಟಿದ ಭಾಷ್ಯ, ಟೀಕೆ, ಕಣ್ಣೀರು ಎಲ್ಲವೂ ಈ ಒಂದು ಸೂತ್ರದಿಂದಲೇ.

ಸೂತ್ರವನ್ನು ಪ್ರಯೋಗಕ್ಕೆ ಒಡ್ಡೋಣ. ನಿಕಾನ್ ಡಿ850 ಬ್ಯಾಟರಿ, ಕಾರ್ಡು ಸಹಿತ 1005 ಗ್ರಾಂ. ಮದುವೆಗೆ ಒಂದೇ ಕ್ಯಾಮೆರಾ ಒಯ್ಯುವವನು ಧಾರೆಯ ಹೊತ್ತಿಗೆ ಅದು ಕೆಟ್ಟರೆ ಊರು ಬಿಡಬೇಕಾಗುತ್ತದೆ, ಆದ್ದರಿಂದ ಎರಡು: 2010 ಗ್ರಾಂ. 24-70 ಲೆನ್ಸು 1070. ರಂಗಸ್ಥಳದ ಕೊನೆಯಲ್ಲಿ ನಿಂತು ಭಾಗವತರ ಮುಖದ ಬೆವರು ಹಿಡಿಯುವ 70-200 ಲೆನ್ಸು 1430. ಫ್ಲ್ಯಾಶು, ಸೆಲ್ ಹಾಕದೆ, 420. ಒಟ್ಟು 4930. ಇದನ್ನೆಲ್ಲ ಹೊರುವ ಬ್ಯಾಗು, ಒಳಗಿನ ಮೆತ್ತೆಯ ಗೋಡೆಗಳನ್ನೂ ಸೇರಿಸಿ, ಖಾಲಿಯೇ ಎರಡು ಕೆಜಿ. ಉಳಿದದ್ದು 70 ಗ್ರಾಂ. ಆ 70 ಗ್ರಾಮಿನೊಳಗೆ ಚಾರ್ಜರು, ಬಿಡಿ ಬ್ಯಾಟರಿಗಳು, ಲ್ಯಾಪ್‌ಟಾಪು, ಹಾರ್ಡ್‌ಡಿಸ್ಕು ಮತ್ತು ಒಂದು ಜೊತೆ ಬಟ್ಟೆಗೆ ಜಾಗ ಮಾಡಬೇಕು. ಗಣಿತ ಇಲ್ಲಿಗೆ ನಿಂತು ತತ್ತ್ವಶಾಸ್ತ್ರ ಆರಂಭವಾಗುತ್ತದೆ.

ಪೂರ್ವಪಕ್ಷಿ ಕೇಳುತ್ತಾನೆ: ಇಷ್ಟೆಲ್ಲ ರಗಳೆ ಯಾಕೆ, ಕೆಳಗಿನ ಲಗೇಜಿಗೆ ಹಾಕಬಾರದೇ? ಪೂರ್ವಪಕ್ಷಿ ಎಂದೂ ಲಗೇಜು ಬೆಲ್ಟಿನ ಬದಿಯಲ್ಲಿ ನಿಂತು ತನ್ನ ಪೆಟ್ಟಿಗೆ ತಲೆಕೆಳಗಾಗಿ ಬರುವುದನ್ನು ಕಂಡವನಲ್ಲ. ಅದಿರಲಿ, ನಿಯಮವೇ ಅಡ್ಡ ಬರುತ್ತದೆ. ಬಿಡಿ ಲಿಥಿಯಂ ಬ್ಯಾಟರಿ ಕೆಳಗೆ ಹೋಗುವಂತಿಲ್ಲ, ಕೈಚೀಲದಲ್ಲೇ ಇರಬೇಕು. ಬೆಂಕಿ ಹತ್ತುವ ವಸ್ತುವನ್ನು ಮನುಷ್ಯರ ನಡುವೆಯೇ ಕೂರಿಸುವುದು ಮೇಲ್ನೋಟಕ್ಕೆ ವಿಚಿತ್ರ. ಆದರೆ ಕಾರಣ ಇದೆ: ಕೆಳಗಿನ ಗೂಡಿನ ಅಗ್ನಿಶಾಮಕ ಅನಿಲ ಲಿಥಿಯಂ ಬೆಂಕಿಯನ್ನು ನೆಚ್ಚಿಕೊಳ್ಳುವಂತೆ ಆರಿಸಲಾರದು, ಮೇಲೆ ಹೊಗೆ ಎದ್ದರೆ ಸಿಬ್ಬಂದಿ ಕಂಡು ನೀರು ಹೊಯ್ಯಬಹುದು. 100 ವಾಟ್-ಅವರ್ ಒಳಗಿನದಕ್ಕೆ ಅಡ್ಡಿಯಿಲ್ಲ, 160ರವರೆಗೆ ಕಂಪನಿಯನ್ನು ಕೇಳಿ ಎರಡು ಒಯ್ಯಬಹುದು. ಕ್ಯಾಮೆರಾದ ಬ್ಯಾಟರಿ ಪಾಪ ಬರೀ 16. ಎಮಿರೇಟ್ಸ್ 2025ರ ಅಕ್ಟೋಬರಿನಿಂದ ವಿಮಾನದೊಳಗೆ ಪವರ್‌ಬ್ಯಾಂಕ್ ಬಳಸುವುದನ್ನೇ ನಿಲ್ಲಿಸಿದೆ, ಒಂದನ್ನು ಸುಮ್ಮನೆ ಇಟ್ಟುಕೊಳ್ಳಬಹುದು, ಅಷ್ಟೆ.

ಛಾಯಾಗ್ರಹಣಕ್ಕೂ ಅಗ್ನಿಗೂ ನಂಟು ಹೊಸದಲ್ಲವೆಂಬುದಕ್ಕೆ ಕೋಟದಲ್ಲೇ ಆಧಾರವಿದೆ. ಇಲ್ಲಿ ಹುಟ್ಟಿದ ಶಿವರಾಮ ಕಾರಂತರು 1930ರ ಆಸುಪಾಸಿನಲ್ಲಿ ‘ಡೊಮಿಂಗೊ’, ‘ಭೂತರಾಜ್ಯ’ ಎಂಬ ಮೂಕಿ ಚಿತ್ರಗಳನ್ನು ತೆಗೆದರು. ಆ ಕಾಲದ ಸಿನಿಮಾ ರೀಲು ಸಾಮಾನ್ಯವಾಗಿ ನೈಟ್ರೇಟಿನದು. ಒಮ್ಮೆ ಹೊತ್ತಿಕೊಂಡರೆ ನೀರಿನಡಿಯಲ್ಲೂ ಉರಿಯುತ್ತದೆ. ಇಂದಿನ ಭದ್ರತಾ ಸಿಬ್ಬಂದಿಯ ಎದುರು ಅಂಥ ಡಬ್ಬಿ ತೆರೆದಿದ್ದರೆ ಕನ್ನಡಕ್ಕೆ ಬಂದ ಕಾದಂಬರಿಗಳ ಸಂಖ್ಯೆ ಗಣನೀಯವಾಗಿ ಇಳಿಯುತ್ತಿತ್ತು.

ಇನ್ನು ವಿನಾಯಿತಿಗಳ ಪ್ರಕರಣ. ನಮ್ಮ ವಿಮಾನ ಕಂಪನಿಗಳ ನಿಯಮಾವಳಿಗಳಲ್ಲಿ ಬಹುಕಾಲದಿಂದ ಒಂದು ಪಟ್ಟಿ ನಡೆದುಬಂದಿದೆ: ಕೈಚೀಲದ ಹೊರತಾಗಿ ಹೆಂಗಸರ ಪರ್ಸು, ಕೋಟು, ಕಂಬಳಿ, ಓದುವುದಕ್ಕೆ ತಕ್ಕಮಟ್ಟಿನ ಪುಸ್ತಕ, ಕೊಡೆ ಅಥವಾ ಊರುಗೋಲು, ಮತ್ತು ಒಂದು ಕ್ಯಾಮೆರಾ ಅಥವಾ ದುರ್ಬೀನು. ಇದನ್ನು ಬರೆದ ಪುಣ್ಯಾತ್ಮನ ಕಣ್ಣ ಮುಂದಿದ್ದವನು ಊಟಿಗೆ ಹೊರಟ ಯಾರೋ ಜಮೀನ್ದಾರನಿರಬೇಕು. ಆದರೂ ಕೋಟದ ಪಂಡಿತರಿಗೆ ಇದು ಚಿನ್ನದ ಗಣಿ. ಕುತ್ತಿಗೆಯಲ್ಲಿ ನೇತಾಡುವುದು ಕ್ಯಾಮೆರಾ, ಸರಿ. ಅದಕ್ಕೆ ಸಿಕ್ಕಿಸಿದ 1430 ಗ್ರಾಮಿನ ಲೆನ್ಸು ಕ್ಯಾಮೆರಾದ ಅಂಗವೋ, ಸ್ವತಂತ್ರ ವ್ಯಕ್ತಿಯೋ? ಅಂಗವೆಂದರೆ ಕುತ್ತಿಗೆಯಲ್ಲೇ ಎರಡೂವರೆ ಕೆಜಿ ಸಾಗಿತು. ಸ್ವತಂತ್ರವೆಂದರೆ ಅದನ್ನೇ ದುರ್ಬೀನು ಎನ್ನಬಹುದು, ಆದರೆ ಪಟ್ಟಿಯಲ್ಲಿರುವ ‘ಅಥವಾ’ ಬಾಗಿಲಲ್ಲಿ ಕಾಲು ಚಾಚಿ ಕೂತಿದೆ. ಈ ವಾದವನ್ನು ಕೌಂಟರಿನಲ್ಲಿ ಮಂಡಿಸಲಾಗಿ, ಹಿಂದಿನ ಸಾಲಿನವರು ಕೆಮ್ಮಿದ್ದರಿಂದ ತೀರ್ಪು ಹೊರಬೀಳಲಿಲ್ಲ.

ಆದ್ದರಿಂದ ಪ್ರಾಯೋಗಿಕವಾಗಿ ಗೆದ್ದಿರುವುದು ಚೌಕಿ ಪಂಥ. ಬಡಗುತಿಟ್ಟು ಯಕ್ಷಗಾನದ ಮುಂಡಾಸನ್ನು ಚೌಕಿಯಲ್ಲಿ, ಎಂದರೆ ಬಣ್ಣದ ಮನೆಯಲ್ಲಿ, ವೇಷಧಾರಿಯ ತಲೆಯ ಮೇಲೆಯೇ ಬಟ್ಟೆ ಸುತ್ತಿ ಸುತ್ತಿ ಕಟ್ಟುವ ಪದ್ಧತಿ ಇದೆಯಲ್ಲ, ಅದರ ಒಳತತ್ತ್ವ ಇದು: ಪೆಟ್ಟಿಗೆಯಲ್ಲಿದ್ದರೆ ಸಾಮಾನು, ಮೈಮೇಲಿದ್ದರೆ ವೇಷ. ತಕ್ಕಡಿ ಚೀಲವನ್ನು ತೂಗುತ್ತದೆ, ಮನುಷ್ಯನನ್ನಲ್ಲ. ಹೀಗಾಗಿ ಮೇ ತಿಂಗಳ ಸೆಕೆಯಲ್ಲಿ ಬಜಪೆಯ ಸಾಲಿನಲ್ಲಿ ಹದಿನಾಲ್ಕು ಜೇಬಿನ ದಪ್ಪ ಜಾಕೆಟ್ಟು ತೊಟ್ಟು, ಎಡಗಡೆ ಲೆನ್ಸು, ಬಲಗಡೆ ಫ್ಲ್ಯಾಶು, ಬೆನ್ನಿಗೆ ಲ್ಯಾಪ್‌ಟಾಪು ಇಟ್ಟುಕೊಂಡು, ಬಣ್ಣದ ವೇಷದ ಠೀವಿಯಲ್ಲಿ ಕಾಲು ಅಗಲಿಸಿ ನಿಂತವನನ್ನು ಕಂಡರೆ ಜ್ವರದವನೆಂದು ಭಾವಿಸಕೂಡದು. ಚೀಲ ತೂಗಿ ಟ್ಯಾಗ್ ಬಿದ್ದ ಕೂಡಲೇ ವೇಷ ಕಳಚುತ್ತದೆ.

ಇಲ್ಲಿಯವರೆಗಿನ ವಿದ್ವಾಂಸರು ಎಲ್ಲ ತಪ್ಪನ್ನೂ ವಿಮಾನ ಕಂಪನಿಯ ತಲೆಗೆ ಕಟ್ಟಿದ್ದಾರೆ. ಪ್ರಸ್ತುತ ಲೇಖಕನ ಸಿದ್ಧಾಂತ ಬೇರೆ. ಕೆಳಗಿನ ಲಗೇಜಿಗೆ ಇಪ್ಪತ್ತೋ ಮೂವತ್ತೋ ಕೆಜಿ ಕೊಟ್ಟಿರುತ್ತಾರೆ. ಟ್ರೈಪಾಡು, ಲೈಟು ಸ್ಟ್ಯಾಂಡು, ಬಟ್ಟೆ, ಚಾರ್ಜರು ಎಲ್ಲ ಅದರಲ್ಲಿ ಹಾಯಾಗಿ ಹಿಡಿಯುತ್ತಿದ್ದವು, ಆ ಮೂವತ್ತು ಕೆಜಿ ಅವನದಾಗಿದ್ದರೆ. ಅದು ಊರಿನದು. ಟಿಕೆಟ್ ಆದ ಸುದ್ದಿ ಸ್ಟುಡಿಯೋದಿಂದ ಕೋಟ ಮೂರುಕೈಗೆ ತಲುಪುವ ಹೊತ್ತಿಗೆ ಬಾಗಿಲಲ್ಲಿ ಯಾರೋ ನಿಂತಿರುತ್ತಾರೆ. “ಹ್ವಾಯ್, ದುಬೈಗ್ ಹೋತ್ರಿ ಅಂಬ್ರಲೆ? ಒಂದ್ ಸಣ್ಣ ಕಟ್ಟ್ ಇತ್ತ್.” ಸಣ್ಣ ಕಟ್ಟೆಂದರೆ ಐದು ಕೆಜಿ ಕುಚ್ಚಲಕ್ಕಿ, ಹಲಸಿನ ಹಪ್ಪಳ, ಮಿಡಿ ಉಪ್ಪಿನಕಾಯಿಯ ಭರಣಿ, ಕೋಳಿ ಸಾರಿನ ಮಸಾಲೆ ಪುಡಿ, ಏಳು ಸುತ್ತು ಪ್ಲಾಸ್ಟಿಕ್ಕಿನಲ್ಲಿ ಕಟ್ಟಿಯೂ ತನ್ನ ಇರವನ್ನು ಸಾರುವ ಒಣ ಚಟ್ಲಿ. ದೊಡ್ಡಮ್ಮನ ವಯಸ್ಸಿನವರಿಗೆ ‘ಆತಿಲ್ಲೆ’ ಎನ್ನುವ ನಾಲಿಗೆ ಈ ಸೀಮೆಯಲ್ಲಿ ಇನ್ನೂ ಹುಟ್ಟಿಲ್ಲ.

ಕಟ್ಟು ಬಿಚ್ಚಿ ನೋಡಿ ಕೊಬ್ಬರಿಯನ್ನು ಮಾತ್ರ ವಾಪಸು ಮಾಡಬೇಕು. ಅದು ವಾಯುಯಾನದ ಅಪಾಯಕಾರಿ ವಸ್ತುಗಳ ಪಟ್ಟಿಯಲ್ಲಿ 1363ನೇ ಸಂಖ್ಯೆಯದು, ಎಣ್ಣೆಯಂಶದಿಂದ ತಾನಾಗಿ ಕಾವೇರಿ ಹೊತ್ತಿಕೊಳ್ಳಬಲ್ಲದು. “ಕೊಬ್ರಿಗೆ ಬೆಂಕಿ ಹತ್ತತ್ತಾ? ಅಟ್ಟದ ಮೇಲೆ ನಲ್ವತ್ ವರ್ಷದಿಂದ ಇತ್ತಲೆ!” ಎಂಬ ಪ್ರತಿವಾದಕ್ಕೆ ಶಾಸ್ತ್ರದಲ್ಲಿ ಉತ್ತರವಿಲ್ಲ. ಇಡೀ ತೆಂಗಿನಕಾಯಿಯನ್ನು ಕೈಯಲ್ಲಿ ಒಯ್ಯಲು ಶಬರಿಮಲೆ ಯಾತ್ರಿಕರಿಗೆ 2024ರ ಅಕ್ಟೋಬರಿನಿಂದ 2025ರ ಜನವರಿ 20ರವರೆಗೆ ತಪಾಸಣೆಯ ಮೇಲೆ ಅವಕಾಶ ಕೊಟ್ಟಿದ್ದರು. ಇರುಮುಡಿಗೆ ಸಿಕ್ಕಿದ್ದು ಕ್ಯಾಮೆರಾ ಬ್ಯಾಗಿಗೂ ಸಿಗಬೇಕೆಂದು ಸ್ಟುಡಿಯೋದವರು ಇನ್ನೂ ಅರ್ಜಿ ಹಾಕಿಲ್ಲ.

ನಿಜವಾದ ಧರ್ಮಸಂಕಟ ಕೋಳಿ ಸಾರಿನ ಜೊತೆಗಿನ ಗರಿಗರಿ ರೊಟ್ಟಿಯದು. ತೂಕವಿಲ್ಲ, ಆದರೆ ದಿಂಬಿನಷ್ಟು ಜಾಗ ಬೇಕು, ಮೇಲಾಗಿ ಕೆಳಗಿನ ಲಗೇಜಿಗೆ ಹಾಕಿದರೆ ಪುಡಿ. “ಒಡ್ದ್ ಹೋತ್, ಕೈಯಗೇ ಹಿಡ್ಕಣಿ” ಎಂದು ಆಜ್ಞೆಯಾಗಿರುತ್ತದೆ. ಮೇಲಿನ ಗೂಡಿನಲ್ಲಿ ಉಳಿದದ್ದು ಒಂದೇ ಜಾಗ: ಲೆನ್ಸಿಗೋ ರೊಟ್ಟಿಗೋ? ಲೆನ್ಸಿಗೆ ವಿಮೆ ಇದೆ. ರೊಟ್ಟಿಗೆ ಇಲ್ಲ, ಮತ್ತು ಅದನ್ನು ಕಾಯುತ್ತಿರುವವಳು ಮದುಮಗಳ ತಾಯಿ. ಲೆನ್ಸು ಕಾಲಡಿಗೆ ಹೋಗುತ್ತದೆ.

ಹೊರಡುವ ಮುನ್ನ ಕಸ್ಟಮ್ಸಿನವರಿಂದ ರಫ್ತು ಪ್ರಮಾಣಪತ್ರ ಮಾಡಿಸಿಕೊಳ್ಳಬೇಕೆಂಬ ವಿಧಿ ಉಂಟು. ಕ್ಯಾಮೆರಾ, ಲೆನ್ಸುಗಳ ಸೀರಿಯಲ್ ನಂಬರ್ ಬರೆಸಿಕೊಂಡರೆ ಹಿಂದೆ ಬರುವಾಗ ‘ಇದು ದುಬೈಯಲ್ಲಿ ಕೊಂಡದ್ದಲ್ಲ’ ಎಂದು ಸಾಧಿಸಬಹುದು. ಮಾಡಿಸಿಕೊಳ್ಳುವವರು ಕಡಿಮೆ, ಆ ಸಮಯವೆಲ್ಲ ಉಪ್ಪಿನಕಾಯಿಯ ಭರಣಿಗೆ ಇನ್ನೊಂದು ಸುತ್ತು ಟೇಪು ಹಾಕುವುದರಲ್ಲಿ ಕಳೆದಿರುತ್ತದೆ.

ಹಿಂದೆ ಬರುವ ದಾರಿಯಲ್ಲಿ ಅಕ್ಕಿಯ ಜಾಗಕ್ಕೆ ಖರ್ಜೂರ, ಹಾಲಿನ ಪುಡಿ, ಸೆಂಟು, ನೋವಿನ ಎಣ್ಣೆ ಬರುತ್ತವೆ. ತೆಗೆದ ಎರಡು ಸಾವಿರ ಫೋಟೋಗಳಿಗೆ ಕಾರ್ಡಿನಲ್ಲಿ ಒಂದು ಗ್ರಾಂ ತೂಕವೂ ಏರುವುದಿಲ್ಲ. ಇಡೀ ಶಾಸ್ತ್ರದಲ್ಲಿ ವಿಮಾನ ಕಂಪನಿಗೆ ಒಪ್ಪಿಗೆಯಾದ ಸಾಮಾನು ಅದೊಂದೇ. ಆದರೆ ಮದುಮಗಳ ತಾಯಿಗೆ ಪೆನ್‌ಡ್ರೈವ್ ಸಾಲದು. ನಾಲ್ಕು ತಿಂಗಳ ಮೇಲೆ ಕೋಟದಲ್ಲಿ ಆಲ್ಬಮ್ ತಯಾರಾಗುತ್ತದೆ: ದಪ್ಪ ರಟ್ಟಿನ ಹಾಳೆ, ಗಾಜಿನ ಮುಖಪುಟ, ಹಿಡಿಕೆ ಇರುವ ಪೆಟ್ಟಿಗೆ, ಅಪ್ಪ ಅಮ್ಮಂದಿರಿಗೆ ಎರಡು ಸಣ್ಣ ಪ್ರತಿ. ಕೂಡಿ ಐದು ಕೆಜಿ ಮೇಲೆ. ಕೆಳಗೆ ಹಾಕಿದರೆ ಗಾಜು ಒಡೆಯುತ್ತದೆ. ಛಾಯಾಗ್ರಾಹಕ ಅದನ್ನು ಬಗಲಿಗೆ ಸಿಕ್ಕಿಸಿಕೊಂಡು, ಮುಂದಿನ ವಾರ ದುಬೈಗೆ ಹೊರಟವರ ಮನೆಯ ಬಾಗಿಲು ತಟ್ಟುತ್ತಾನೆ. “ಹ್ವಾಯ್, ಒಂದ್ ಸಣ್ಣ ಕಟ್ಟ್ ಇತ್ತ್.”